ನಡುಗುವ ಗೆರೆ

ಹೊಸತು ಬಂದಾಗ ಹಳೆಯದನ್ನು ಹೊಗಳುವುದು ಮನುಷ್ಯನ ಹಳೆಯ ಚಾಳಿ. ರೈಲು ಬಂದಾಗ ಎತ್ತಿನ ಗಾಡಿಯ ಸುಖವನ್ನೂ, ಗಿರಣಿ ಬಂದಾಗ ಬೀಸುವ ಕಲ್ಲಿನ ಹಿಟ್ಟಿನ ರುಚಿಯನ್ನೂ ನೆನೆದವರಿದ್ದರು. ಆದುದರಿಂದ, ಕೈಯಿಂದ ಬರೆದ ಅನಿಮೇಷನ್ ಚಿತ್ರಗಳು ಕಂಪ್ಯೂಟರಿನವುಗಳಿಗಿಂತ ನನಗೇಕೆ ಹೆಚ್ಚು ಪ್ರಿಯ ಎಂದು ವಿಚಾರಿಸಹೊರಟಾಗ, ಇದೂ ಅಂಥದೇ ಒಂದು ಹಂಬಲವಿರಬಹುದೆ ಎಂಬ ಸಂಶಯ ಮೊದಲು ಬಂದಿತು. ಬಾಲ್ಯದಲ್ಲಿ ಕಂಡುದೆಲ್ಲ ಚೆಲುವಾಗಿಯೇ ತೋರುತ್ತದೆ, ಅದು ರಸವಿಮರ್ಶೆಯಾಗಲಾರದು. ಆ ಮೋಹವನ್ನು ಕಳೆದ ಮೇಲೂ ಉಳಿಯುವುದೇನಾದರೂ ಇದ್ದರೆ ಅದನ್ನಷ್ಟೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಕೆಲಸದ ಬಗೆಯನ್ನು ನೋಡೋಣ. ಸಿನಿಮಾದ ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಹಾಯ್ದುಹೋಗುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳ ಕಾಲ ನಿಲ್ಲಿಸಿದರೂ ಸೆಕೆಂಡಿಗೆ 12, ನಿಮಿಷಕ್ಕೆ 720, ಒಂದೂವರೆ ಗಂಟೆಯ ಕಥೆಗೆ 64,800 ಚಿತ್ರಗಳು ಬೇಕು; ಅದೂ ಪರದೆಯ ಮೇಲೆ ಒಂದೇ ಪಾತ್ರವಿದ್ದರೆ! ಜಪಾನಿನ ಹಯಾವೊ ಮಿಯಾಝಾಕಿಯವರ ‘ಪೊನ್ಯೊ’ (2008) ಚಿತ್ರಕ್ಕೆ 1,70,000ಕ್ಕೂ ಹೆಚ್ಚು ಚಿತ್ರಗಳು ಬೇಕಾದುವು. ಆದರೆ ಶ್ರಮವನ್ನು ಕಲೆಯ ಅಳತೆಗೋಲಾಗಿ ಹಿಡಿಯಲಾಗದು. ಕವಿ ಬಹಳ ಬೆವರಿದನೆಂದು ಯಾರೂ ಪದ್ಯವನ್ನು ಮೆಚ್ಚುವುದಿಲ್ಲ. ಚೆಲುವಿನ ಮೂಲ ಬೇರೆಲ್ಲೋ ಇರಬೇಕು.

ಅಮೆರಿಕದ ವಿನ್ಸರ್ ಮೆಕೇ 1914ರಲ್ಲಿ ‘ಗರ್ಟಿ’ ಎಂಬ ಡೈನೊಸಾರಿನ ಚಿತ್ರವೊಂದನ್ನು ಮಾಡಿದ. ಹಿನ್ನೆಲೆಯನ್ನು ಒಮ್ಮೆ ಬರೆದು, ಅದರ ಮೇಲೆ ಪಾತ್ರದ ಪಾರದರ್ಶಕ ಹಾಳೆಗಳನ್ನು ಬದಲಿಸುವ ಉಪಾಯ ಆಗ ರೂಢಿಯಲ್ಲಿರಲಿಲ್ಲ. ಹೀಗಾಗಿ ಪ್ರಾಣಿಯ ಜೊತೆಗೆ ಹಿಂದಿನ ಬಂಡೆಯನ್ನೂ ಕೆರೆಯನ್ನೂ ಪ್ರತಿಯೊಂದು ಹಾಳೆಯ ಮೇಲೆ ಮತ್ತೆ ಮತ್ತೆ ಬರೆಯಬೇಕಾಯಿತು. ಎಷ್ಟು ಎಚ್ಚರದಿಂದ ಬರೆದರೂ ಒಂದು ಗೆರೆ ಇನ್ನೊಂದರ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕೂಡುವುದಿಲ್ಲವಷ್ಟೆ. ಆದುದರಿಂದ ಆ ಚಿತ್ರದಲ್ಲಿ ಬಂಡೆಗಳೂ ಸಣ್ಣಗೆ ನಡುಗುತ್ತವೆ, ಉಸಿರಾಡುವಂತೆ. ಲೆಕ್ಕಕ್ಕೆ ಅದು ದೋಷ. ನನ್ನ ಕಣ್ಣಿಗೆ ಅದೇ ಜೀವ.

ನಮ್ಮ ಮನೆಗಳ ಬಾಗಿಲ ಮುಂದೆ ಇದಕ್ಕೆ ನಿದರ್ಶನವಿದೆ. ದಿನವೂ ಅದೇ ಎಂಟೆಳೆಯ ರಂಗೋಲಿಯನ್ನು ಹಾಕುವ ಗೃಹಿಣಿ ಎರಡು ದಿನ ಒಂದೇ ರಂಗೋಲಿಯನ್ನು ಹಾಕಿದುದಿಲ್ಲ. ಇಂದು ಬಳ್ಳಿ ಕೊಂಚ ಹೆಚ್ಚು ಬಾಗಿರುತ್ತದೆ. ನಾಳೆ ಅವಸರದ ಕೈ ಎಳೆಯನ್ನು ತೆಳುವಾಗಿಸಿರುತ್ತದೆ. ತೂತಿನ ತಗಡಿನ ಅಚ್ಚಿನಿಂದ ಪುಡಿ ಉದುರಿಸಿದರೆ ಆಕೃತಿ ಇನ್ನೂ ಚೊಕ್ಕವಾಗಿ ಬರುವುದು ನಿಜ. ಆದರೆ ಹಾಕಿದವರು ಯಾರು, ಅವರ ಮನಸ್ಸು ಅಂದು ಹೇಗಿತ್ತು ಎಂಬುದನ್ನು ಅಚ್ಚು ಹೇಳದು.

ಕಂಪ್ಯೂಟರಿನ ವಿಧಾನವೇ ಬೇರೆ. ಅಲ್ಲಿ ಪಾತ್ರವನ್ನು ಎತ್ತರ, ಅಗಲ, ಆಳಗಳೊಡನೆ ಒಮ್ಮೆ ನಿರ್ಮಿಸುತ್ತಾರೆ. ಒಳಗೆ ಎಲುಬಿನಂಥ ಕಟ್ಟನ್ನು ಕೂಡಿಸುತ್ತಾರೆ. ಅನಂತರ ಸೂತ್ರದ ಗೊಂಬೆಯಂತೆ ಅದನ್ನು ಆಡಿಸುತ್ತಾರೆ. ಬೆಳಕು ನೆರಳುಗಳನ್ನು ಯಂತ್ರ ಗಣಿಸಿಕೊಡುತ್ತದೆ. ಗೊಂಬೆ ಕುಣಿದರೂ ಅತ್ತರೂ ಅದೇ ಗೊಂಬೆ. ಕೈಬರೆಹದ ಪಾತ್ರವಾದರೋ ಹಾಳೆ ಹಾಳೆಗೂ ಹೊಸದಾಗಿ ಹುಟ್ಟಬೇಕು.

ಇದರಿಂದ ಯಂತ್ರವನ್ನು ನಿಂದಿಸುವುದು ನನ್ನ ಉದ್ದೇಶವೆಂದು ಓದುಗರು ತಿಳಿಯಬಾರದು. ಪೂರ್ಣವಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಕಥಾಚಿತ್ರ ‘ಟಾಯ್ ಸ್ಟೋರಿ’ 1995ರಲ್ಲಿ ಬಂದಿತು. ಅಂದಿನ ಯಂತ್ರಕ್ಕೆ ಪ್ಲಾಸ್ಟಿಕ್ಕಿನ ನುಣುಪು ಸುಲಭ, ಮನುಷ್ಯನ ಚರ್ಮ ಮತ್ತು ಕೂದಲು ಕಷ್ಟ. ಆದುದರಿಂದ ಆಟಿಕೆಗಳನ್ನೇ ನಾಯಕರನ್ನಾಗಿ ಆರಿಸಿಕೊಂಡದ್ದು ಜಾಣ್ಮೆಯಾಯಿತು. ಹೊಸ ಆಟಿಕೆ ಬಂದೊಡನೆ ಹಳೆಯ ಗೊಂಬೆಯ ಎದೆಯಲ್ಲಿ ಹುಟ್ಟುವ ಮತ್ಸರವನ್ನು ಕಂಡು ಯಾರ ಮನಸ್ಸು ಕರಗದು? ಆ ಭಾವವನ್ನು ತಂದವರು ಕಲಾವಿದರೇ ಹೊರತು ಯಂತ್ರವಲ್ಲ. ಆದರೂ ಆ ಮಾರ್ಗಕ್ಕೆ ಎಟುಕದ ಒಂದು ಶಕ್ತಿ ಗೆರೆಗಿದೆಯೆಂದು ನನ್ನ ನಂಬಿಕೆ.

ಇಸಾವೊ ತಕಾಹಾತ ಅವರು 2013ರಲ್ಲಿ ‘ರಾಜಕುಮಾರಿ ಕಾಗುಯಳ ಕಥೆ’ಯನ್ನು ತೆರೆಗೆ ತಂದರು. ಬಿದಿರಿನಲ್ಲಿ ಹುಟ್ಟಿ, ಬೆಟ್ಟದ ಹಳ್ಳಿಯಲ್ಲಿ ಬೆಳೆದು, ರಾಜಧಾನಿಯ ಸೆರೆವಾಸದಂಥ ವೈಭವಕ್ಕೆ ಸಿಕ್ಕಿಬಿದ್ದ ಹುಡುಗಿಯ ಪುರಾತನ ಜಪಾನೀ ಕಥೆ ಅದು. ಚಿತ್ರವೆಲ್ಲ ತೆಳುವಾದ ಜಲವರ್ಣ. ಅಂಚುಗಳಲ್ಲಿ ಬಿಳಿಯ ಕಾಗದ ಹಾಗೆಯೇ ಉಳಿದಿದೆ. ನಾಮಕರಣದ ಔತಣದಲ್ಲಿ ಕುಡಿದ ಅತಿಥಿಗಳು ತನ್ನನ್ನು ಹೀಯಾಳಿಸುವುದನ್ನು ತೆರೆಯ ಹಿಂದೆ ಕುಳಿತು ಕೇಳಿದ ಕಾಗುಯ ಬಾಗಿಲುಗಳನ್ನು ಭೇದಿಸಿಕೊಂಡು ಹೊರಕ್ಕೆ ಓಡುತ್ತಾಳೆ. ಹೆಜ್ಜೆ ಹೆಜ್ಜೆಗೂ ಉಡುಗೆಯ ಪದರಗಳು ಕಳಚಿಬೀಳುತ್ತವೆ. ಅಲ್ಲಿಯವರೆಗೆ ಕೋಮಲವಾಗಿದ್ದ ಗೆರೆ ಇದ್ದಕ್ಕಿದ್ದಂತೆ ಇದ್ದಲಿನ ಒರಟು ಗೀಚಾಗುತ್ತದೆ. ಮುಖ ಅಳಿಸುತ್ತದೆ, ಕೈಕಾಲು ಒಡೆದು ಚದರುತ್ತವೆ. ಬೆಳುದಿಂಗಳಲ್ಲಿ ಓಡುತ್ತಿರುವುದು ಹುಡುಗಿಯೊ ದುಃಖವೊ ತಿಳಿಯದಾಗುತ್ತದೆ. ಇಲ್ಲಿ ಗೆರೆ ಕೋಪವನ್ನು ವರ್ಣಿಸುತ್ತಿಲ್ಲ; ಗೆರೆಯೇ ಕೋಪಗೊಂಡಿದೆ. ಬರೆದ ಕೈಗೂ ನೋಡುವ ಕಣ್ಣಿಗೂ ನಡುವೆ ಆ ಕ್ಷಣದಲ್ಲಿ ಏನೂ ಉಳಿಯುವುದಿಲ್ಲ. ಖಾಲಿ ಬಿಟ್ಟ ಕಾಗದವನ್ನು ನಮ್ಮ ಕಲ್ಪನೆಯೇ ತುಂಬಿಕೊಳ್ಳುತ್ತದೆ. ಕಾವ್ಯದಲ್ಲಿ ಧ್ವನಿ ಮಾಡುವ ಕೆಲಸವೂ ಇದೇ ಅಲ್ಲವೆ?

ಹೀಗೆ ಯೋಚಿಸಿದಾಗ ಇದು ಕೈಗೂ ಯಂತ್ರಕ್ಕೂ ನಡೆದ ಜಗಳವಲ್ಲವೆಂದು ತೋರುತ್ತದೆ. ಡಿಸ್ನಿ ಸಂಸ್ಥೆಯಲ್ಲಿ ಕಲಾವಿದನ ಪೆನ್ಸಿಲ್ ಗೆರೆಯನ್ನು ಮಸಿಯಿಂದ ಪಾರದರ್ಶಕ ಹಾಳೆಯ ಮೇಲೆ ತಿದ್ದಲು ಹೆಂಗಸರ ದೊಡ್ಡ ತಂಡವೇ ಇತ್ತು. ಅವರ ಕೈ ನುಣುಪಾದುದು. ಆದರೆ ತಿದ್ದುವಾಗ ಮೂಲದ ಬಿಸಿ ಸ್ವಲ್ಪ ಆರಿಹೋಗುತ್ತಿತ್ತು. 1961ರ ‘ನೂರೊಂದು ಡಾಲ್ಮೇಷಿಯನ್‌ಗಳು’ ಚಿತ್ರದಲ್ಲಿ ಜೆರಾಕ್ಸ್ ಯಂತ್ರವು ಪೆನ್ಸಿಲ್ ಗೆರೆಯನ್ನೇ ನೇರವಾಗಿ ಹಾಳೆಗೆ ಇಳಿಸಿತು. ಆ ಕೆಲಸಗಾರ್ತಿಯರಲ್ಲಿ ಹಲವರ ಅನ್ನ ಹೋಯಿತು. ಕಲಾವಿದನ ಗೆರೆ ತನ್ನ ಒರಟಿನೊಡನೆ ಪರದೆಗೆ ಬಂದಿತು. ಅಲ್ಲಿ ಯಂತ್ರ ಗೆರೆಗೆ ಸೇವಕನಾಗಿತ್ತು. ಅಷ್ಟೇಕೆ, 2018ರ ‘ಸ್ಪೈಡರ್‌ಮ್ಯಾನ್: ಇನ್‌ಟು ದ ಸ್ಪೈಡರ್‌ವರ್ಸ್’ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿದವರು ಪಾತ್ರಗಳ ಮುಖದ ಮೇಲೆ ಗೆರೆಗಳನ್ನು ಕೈಯಿಂದ ಬರೆದು ಕೂಡಿಸಿದರು, ಹಲವೆಡೆ ಹಳಬರಂತೆ ಸೆಕೆಂಡಿಗೆ 12 ಭಂಗಿಗಳಿಗೇ ತೃಪ್ತರಾದರು. ಎಲ್ಲ ನುಣುಪನ್ನೂ ಗಳಿಸಿದ ಮೇಲೆ ಯಂತ್ರ ನಡುಗುವ ಗೆರೆಯನ್ನು ಹುಡುಕುತ್ತ ಹೊರಟಿತು.

ಹಾಗಾದರೆ ಚಿಂತೆ ಯಾವುದಕ್ಕೆ? ಗೆರೆ ಬೇಕೆಂದಾಗ ಬರೆಯಬಲ್ಲ ಕೈ ಉಳಿದಿರುವುದೆ ಎಂಬುದಕ್ಕೆ. ಈ ವಿದ್ಯೆ ಪುಸ್ತಕದಿಂದ ಬರುವುದಲ್ಲ. ಗುರುವಿನ ಮಗ್ಗುಲಲ್ಲಿ ಕುಳಿತು, ನೂರು ಸಲ ಬರೆದು ಹರಿದು ಕಲಿಯುವಂಥದು. 1956ರಲ್ಲಿ, ಡಿಸ್ನಿಯಲ್ಲಿ ಪಳಗಿದ್ದ ಕ್ಲೇರ್ ವೀಕ್ಸ್ ಎಂಬ ಕಲಾವಿದರು ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿಗೆ ಬಂದು ನಮ್ಮ ತರುಣರಿಗೆ ಈ ಕೆಲಸವನ್ನು ಕಲಿಸಿದರು. ಅದರ ಫಲವಾಗಿ ಜಾತಕ ಕಥೆಯೊಂದನ್ನು ಆಧರಿಸಿದ ‘ದಿ ಬನಿಯನ್ ಡೀರ್’ ತಯಾರಾಯಿತು. ಆ ತರುಣರಲ್ಲಿ ಒಬ್ಬರಾದ ರಾಮ್ ಮೋಹನ್ (1931–2019) ಮುಂದೆ ಜಪಾನಿನ ಯೂಗೊ ಸಾಕೊ ಅವರೊಡನೆ ಕೂಡಿ ರಾಮಾಯಣವನ್ನು ಕೈಬರೆಹದ ಚಿತ್ರವಾಗಿಸಿದರು. 2025ರಲ್ಲಿ ಅದು ಭಾರತದ ಚಿತ್ರಮಂದಿರಗಳಿಗೆ ಮತ್ತೆ ಬಂದಿತು. ಅಮೆರಿಕದಿಂದ ಮುಂಬಯಿಗೆ, ಮುಂಬಯಿಯಿಂದ ಜಪಾನಿಗೆ, ಕೈಯಿಂದ ಕೈಗೆ ಹೀಗೆ ನಡೆದುಬಂದ ವಿದ್ಯೆ ಇದು. ಇತ್ತ ಡಿಸ್ನಿ ಸಂಸ್ಥೆಯೇ 2004ರಲ್ಲಿ ತನ್ನ ಫ್ಲಾರಿಡಾದ ಚಿತ್ರಶಾಲೆಯನ್ನು ಮುಚ್ಚಿತು. 2011ರ ‘ವಿನ್ನಿ ದ ಪೂ’ ಆದಮೇಲೆ ಅಲ್ಲಿ ಪೂರ್ಣಪ್ರಮಾಣದ ಕೈಬರೆಹದ ಚಿತ್ರಗಳ ಸಾಲು ನಿಂತುಹೋಯಿತು. ಒಂದು ತಲೆಮಾರು ಕಲಿಸದೆ ಹೋದರೆ ಮುಂದಿನದು ಕೇಳಲು ಯಾರ ಬಳಿಗೆ ಹೋಗಬೇಕು?

ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹವಿದೆ. ಅನಿಮೇಷನ್ ಕಲಿಯಲೆಂದು ಬರುವ ಹುಡುಗ ಹುಡುಗಿಯರನ್ನು ಕಂಪ್ಯೂಟರಿನ ಮುಂದೆ ಕೂರಿಸುವುದಕ್ಕೆ ಮುನ್ನ, ಒಂದು ವರ್ಷವಾದರೂ ಅವರ ಕೈಗೆ ಪೆನ್ಸಿಲ್ಲನ್ನೂ ಒಂದು ಕಟ್ಟು ಕಾಗದವನ್ನೂ ಕೊಡಿರಿ. ಸಂತೆಗೆ ಕಳುಹಿಸಿ, ಹೊರೆ ಹೊತ್ತವಳ ನಡಿಗೆಯನ್ನೂ ಬೀದಿನಾಯಿ ಮೈಮುರಿಯುವುದನ್ನೂ ಬರೆಯಹೇಳಿರಿ. ಅನಂತರ ಅವರು ಯಾವ ಯಂತ್ರವನ್ನು ಹಿಡಿದರೂ ಬಾಧಕವಿಲ್ಲ. ಎಲ್ಲಿ ಗೆರೆ ನೆಟ್ಟಗಿರಬೇಕು, ಎಲ್ಲಿ ನಡುಗಬೇಕು ಎಂಬುದನ್ನು ಅವರ ಕೈ ಅರಿತಿರುತ್ತದೆ.