ಹವಾನಿಯಂತ್ರಕಕ್ಕೆ ಎಷ್ಟು ವಿದ್ಯುತ್? – ತೋಟದ ಮನೆಯ ಲೆಕ್ಕ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪರಿಸರದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ವಿದ್ಯುತ್ ತಂತಿ ತಲುಪದ ತೋಟದ ಮನೆಯೊಂದು ಸೌರಶಕ್ತಿಯಿಂದ ಹವಾನಿಯಂತ್ರಕ ನಡೆಸಲು ಬಯಸಿದರೆ, ಖರೀದಿಗೆ ಮೊದಲು ಲೆಕ್ಕ ಮಾಡಲೇಬೇಕು. ಅಂದಾಜು ತಪ್ಪಿದರೆ ನಡುರಾತ್ರಿಯಲ್ಲಿ ಯಂತ್ರದೊಡನೆ ಮನೆಯ ದೀಪವೂ ಆರುತ್ತದೆ. ಗುಣಾಕಾರ, ಭಾಗಾಕಾರ, ಶೇಕಡಾವಾರು ಬಲ್ಲ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಈ ಲೆಕ್ಕ ಎಟುಕುವಂಥದು.

ಮೊದಲು ಪದಗಳ ಅರ್ಥ ಸ್ಪಷ್ಟವಾಗಬೇಕು. ಇಲ್ಲಿ ‘ಟನ್’ ಎಂಬುದು ಯಂತ್ರದ ತೂಕವೂ ಅಲ್ಲ, ಅದು ಬಳಸುವ ವಿದ್ಯುತ್ತೂ ಅಲ್ಲ. ಕೋಣೆಯಿಂದ ಶಾಖವನ್ನು ಹೊರಹಾಕುವ ವೇಗ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್. 1.5 ಟನ್ ಯಂತ್ರವು ಸುಮಾರು 5.2 ಕಿಲೋವ್ಯಾಟ್ ಶಾಖವನ್ನು ಹೊರಹಾಕಿದರೂ, ಪೂರ್ಣಭಾರದಲ್ಲಿ ಅದು ಬಳಸುವ ವಿದ್ಯುತ್ ಸುಮಾರು 1.5 ಕಿಲೋವ್ಯಾಟ್ ಮಾತ್ರ. ಯಂತ್ರವು ಶಾಖವನ್ನು ಸಾಗಿಸುತ್ತದೆಯೇ ಹೊರತು ತಂಪನ್ನು ಉತ್ಪಾದಿಸುವುದಿಲ್ಲವಾದ್ದರಿಂದ ಇದು ಸಾಧ್ಯ.

ನಕ್ಷತ್ರಚೀಟಿಯಲ್ಲಿ ಮುದ್ರಿತವಾಗಿರುವ ವಾರ್ಷಿಕ ಬಳಕೆಯು 1600 ಗಂಟೆಗಳಿಗೆ ಸಂಬಂಧಿಸಿದ್ದು. ಚೀಟಿಯಲ್ಲಿ 800 ಯೂನಿಟ್ ಎಂದಿದ್ದರೆ ಗಂಟೆಗೆ ಸರಾಸರಿ 0.5 ಯೂನಿಟ್. ಆದರೆ ಇದು ಹಿತವಾದ ದಿನಗಳನ್ನೂ ಒಳಗೊಂಡ ಸರಾಸರಿ. ಬ್ಯಾಟರಿಯ ಗಾತ್ರವನ್ನು ಸರಾಸರಿ ದಿನಕ್ಕಲ್ಲ, ಅತ್ಯಂತ ಬಿಸಿಯಾದ ರಾತ್ರಿಗೆ ನಿಶ್ಚಯಿಸಬೇಕು.

ಮೇ ತಿಂಗಳ ರಾತ್ರಿಯಲ್ಲಿ ಯಂತ್ರವು 8 ಗಂಟೆ, ಪೂರ್ಣಭಾರದ ಶೇ. 60ರಷ್ಟು ದುಡಿಯುತ್ತದೆ ಎಂದು ಊಹಿಸಿದರೆ:

ಬಳಕೆ: 1.5 × 8 × 0.6 = 7.2 ಯೂನಿಟ್
ಇನ್ವರ್ಟರ್ ದಕ್ಷತೆ ಶೇ. 90: 7.2 ÷ 0.9 = 8 ಯೂನಿಟ್
ಲಿಥಿಯಂ ಬ್ಯಾಟರಿ (ಶೇ. 80 ಬಳಕೆ): 8 ÷ 0.8 = 10 ಯೂನಿಟ್ ಸಾಮರ್ಥ್ಯ
ಸೀಸ-ಆಮ್ಲ ಬ್ಯಾಟರಿ (ಶೇ. 50 ಬಳಕೆ): 8 ÷ 0.5 = 16 ಯೂನಿಟ್ ಸಾಮರ್ಥ್ಯ

12 ವೋಲ್ಟ್, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್. ಆದ್ದರಿಂದ 16 ಯೂನಿಟ್‌ಗೆ ಕನಿಷ್ಠ 9 ಬ್ಯಾಟರಿಗಳು ಬೇಕು. ತುಂಬಿಸುವಾಗಿನ ನಷ್ಟ ಸೇರಿ ದಿನಕ್ಕೆ 10 ಯೂನಿಟ್ ಉತ್ಪಾದನೆ ಅಗತ್ಯ. ಒಂದು ಕಿಲೋವ್ಯಾಟ್ ಸೌರಫಲಕವು ದಿನಕ್ಕೆ ಸುಮಾರು 4 ಯೂನಿಟ್ ನೀಡುವುದರಿಂದ, ಹವಾನಿಯಂತ್ರಕವೊಂದಕ್ಕೇ 2.5 ಕಿಲೋವ್ಯಾಟ್ ಫಲಕ ಬೇಕಾಗುತ್ತದೆ. ದೀಪ, ಫ್ಯಾನು, ಪಂಪುಗಳ ಲೆಕ್ಕ ಬೇರೆ.

ಶೇ. 60 ಎಂಬುದು ಊಹೆಯೆಂಬುದನ್ನು ಮರೆಯಬಾರದು. ಅದನ್ನು 40, 80 ಎಂದು ಬದಲಿಸಿ ಲೆಕ್ಕವನ್ನು ಮತ್ತೆ ಮಾಡಿಸಿದಾಗ, ಒಂದು ಊಹೆ ಫಲಿತಾಂಶವನ್ನು ಎಷ್ಟು ಬದಲಿಸುತ್ತದೆಂದು ಮಕ್ಕಳಿಗೆ ತಿಳಿಯುತ್ತದೆ. ಬಿಸಿಲು ಬೀಳುವ ಗೋಡೆಗೆ ನೆರಳು, ಛಾವಣಿಗೆ ಬಿಳಿ ಬಣ್ಣ, 24 ಡಿಗ್ರಿಗಿಂತ ಕೆಳಗಿಳಿಸದ ಅಭ್ಯಾಸ – ಇವು ಊಹೆಯನ್ನು ತಗ್ಗಿಸುವ ಅಗ್ಗದ ಉಪಾಯಗಳು.

ಕೊನೆಯಲ್ಲಿ ಹೋಲಿಕೆಯೊಂದು ಇರಲಿ. 200 ವ್ಯಾಟ್‌ನ ನೀರಿನ ಕೂಲರ್ 8 ಗಂಟೆಗಳಲ್ಲಿ 1.6 ಯೂನಿಟ್ ಮಾತ್ರ ಬಳಸುತ್ತದೆ. ಒಣಹವೆಯಲ್ಲಿ ಚೆನ್ನಾಗಿ ತಂಪು ನೀಡುತ್ತದೆ. ಆದರೆ ಅದಕ್ಕೆ ನೀರು ಬೇಕು. ಬೇಸಿಗೆಯಲ್ಲಿ ಬಾವಿ ಬತ್ತುವ ತೋಟದಲ್ಲಿ ಯಾವುದು ನಿಜವಾಗಿ ಅಗ್ಗವೆಂಬ ಪ್ರಶ್ನೆಗೆ ವಿದ್ಯಾರ್ಥಿಗಳೇ ಮನೆಯವರೊಡನೆ ಚರ್ಚಿಸಿ ಉತ್ತರ ತರಬೇಕು.