ಉಪಮುಖ್ಯಮಂತ್ರಿ ಹುದ್ದೆ ಯಾವ ವಿಧಿಯಲ್ಲಿದೆ?

ನಮ್ಮ ಹೂವಿನಹಡಗಲಿಯ ಎಂ.ಪಿ. ಪ್ರಕಾಶ್ ಅವರು 2005ರಲ್ಲಿ ಧರ್ಮಸಿಂಗ್ ಸರ್ಕಾರದಲ್ಲಿ ರಾಜ್ಯದ ಉಪಮುಖ್ಯಮಂತ್ರಿಯಾದರು. ತಾಲ್ಲೂಕಿನ ಜನ ಈಗಲೂ ಹೆಮ್ಮೆಯಿಂದ ಹೇಳುವ ಮಾತಿದು. ಆದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾನು ಸಂವಿಧಾನದ ಪುಸ್ತಕ ತಿರುವಿ ಹಾಕಿದಾಗ ಆ ಹುದ್ದೆಯ ಹೆಸರೇ ಅಲ್ಲಿ ಸಿಗಲಿಲ್ಲ. 163 ಮತ್ತು 164ನೇ ವಿಧಿಗಳಲ್ಲಿ ಮುಖ್ಯಮಂತ್ರಿ ಇದ್ದಾರೆ, ಮಂತ್ರಿಗಳಿದ್ದಾರೆ, ‘ಉಪ’ ಇಲ್ಲ. ಉಪಮುಖ್ಯಮಂತ್ರಿ ಎಂದರೆ ಕಾನೂನಿನ ಕಣ್ಣಿನಲ್ಲಿ ಒಬ್ಬ ಮಂತ್ರಿ ಅಷ್ಟೇ, ಆ ಹೆಸರಿನಿಂದ ಸಂವಿಧಾನದ ಉಲ್ಲಂಘನೆಯೇನೂ ಆಗುವುದಿಲ್ಲ ಎಂದು 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಜಗತ್ತಿನ ಅತಿ ದೊಡ್ಡ ಲಿಖಿತ ಸಂವಿಧಾನಗಳಲ್ಲಿ ಒಂದಾದ ನಮ್ಮದರಲ್ಲೂ ಬರೆಯದೆ ಬಿಟ್ಟ ಜಾಗಗಳಿವೆ ಎಂದಾಯಿತು. ಅವು ಎಲ್ಲಿಂದ ಬಂದವು ಎಂದು ತಿಳಿಯಬೇಕಾದರೆ ಬ್ರಿಟನ್ನಿನತ್ತ ನೋಡಬೇಕು.

‘ಬ್ರಿಟನ್ನಿನದು ಅಲಿಖಿತ ಸಂವಿಧಾನ’ ಎಂದು ನಾವು ಬಾಯಿಪಾಠ ಮಾಡುತ್ತೇವೆ. ಅದು ಪೂರ್ತಿ ಸರಿಯಲ್ಲ. 1215ರ ಮ್ಯಾಗ್ನಾ ಕಾರ್ಟಾ, 1689ರ ಹಕ್ಕುಗಳ ಮಸೂದೆ, 1911ರ ಪಾರ್ಲಿಮೆಂಟ್ ಕಾಯ್ದೆ ಎಲ್ಲವೂ ಬರಹದಲ್ಲೇ ಇವೆ. ಅವನ್ನೆಲ್ಲ ಒಂದೇ ಗ್ರಂಥವಾಗಿ ಕ್ರೋಡೀಕರಿಸಿಲ್ಲ, ಅಷ್ಟೇ. ಅಮೆರಿಕ ಮತ್ತು ಭಾರತ ಪರಕೀಯರ ಆಳ್ವಿಕೆ ಕಳಚಿ ಹೊಸದಾಗಿ ಆರಂಭಿಸಬೇಕಿತ್ತು, ಹಾಗಾಗಿ ಬರೆದುಕೊಂಡವು. ಬ್ರಿಟನ್ನಿನಲ್ಲೂ ರಾಜನ ತಲೆ ತೆಗೆದ ಮೇಲೆ, 1653ರಲ್ಲಿ, ಒಂದು ಲಿಖಿತ ಸಂವಿಧಾನ ಬಂದಿತ್ತು. ಅದು ಬಾಳಲಿಲ್ಲ, 1660ರಲ್ಲಿ ರಾಜಪ್ರಭುತ್ವ ಮರಳಿತು. ಆಮೇಲೆ ಆ ದೇಶ ಹಳೆ ಮನೆಗೆ ಕೋಣೆ ಸೇರಿಸುತ್ತಾ ಹೋಯಿತೇ ಹೊರತು ಅಡಿಪಾಯ ಅಗೆದು ಹೊಸದಾಗಿ ಕಟ್ಟಲಿಲ್ಲ.

ಹೀಗಾಗಿ ಅಲ್ಲಿ ಸಂಪ್ರದಾಯಗಳ ತೂಕ ಹೆಚ್ಚು. ಪಾರ್ಲಿಮೆಂಟ್ ಒಪ್ಪಿದ ಮಸೂದೆಗೆ ರಾಜಪೀಠ ಕೊನೆಯ ಬಾರಿ ಅಂಕಿತ ನಿರಾಕರಿಸಿದ್ದು 1708ರಲ್ಲಿ, ರಾಣಿ ಆ್ಯನ್ ಕಾಲದಲ್ಲಿ. ನಿರಾಕರಿಸಬಾರದು ಎಂಬ ಕಾನೂನು ಇಂದಿಗೂ ಇಲ್ಲ. ಆದರೂ ಯಾರೂ ನಿರಾಕರಿಸುವುದಿಲ್ಲ. ನಮ್ಮ ತಾಲ್ಲೂಕಿನ ಮೈಲಾರದ ಕಾರಣಿಕ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’ ಎಂದೊಡನೆ ಡೆಂಕನ ಮರಡಿಯಲ್ಲಿ ಸೇರಿದ ಜನಸಾಗರ ಸ್ತಬ್ಧವಾಗುತ್ತದೆ. ಯಾವ ಆದೇಶವೂ ಅದಕ್ಕೆ ಬೇಕಿಲ್ಲ. ಎಲ್ಲರೂ ಒಪ್ಪಿರುವುದೇ ಅದರ ಬಲ.

ಆದರೆ ಒಬ್ಬರು ಒಪ್ಪದಿದ್ದರೆ? ಈ ಪ್ರಶ್ನೆಗೆ ಉತ್ತರ ಕರ್ನಾಟಕದಲ್ಲೇ ಇದೆ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂಪಡೆದಿದ್ದಾರೆ ಎಂಬ ಪತ್ರಗಳನ್ನು ನಂಬಿ ರಾಜ್ಯಪಾಲರು ಕೇಂದ್ರಕ್ಕೆ ವರದಿ ಕಳಿಸಿದರು. ಅವರಲ್ಲಿ 7 ಮಂದಿ ತಮ್ಮ ಬೆಂಬಲ ಸರ್ಕಾರಕ್ಕೇ ಎಂದು ಮತ್ತೆ ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಳಿದರೂ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರ್ಕಾರವೇ ವಜಾ ಆಯಿತು. ಬಹುಮತವನ್ನು ಸದನದಲ್ಲೇ ಪರೀಕ್ಷಿಸಬೇಕು ಎಂದು ಸಂವಿಧಾನದಲ್ಲಿ ನೇರವಾಗಿ ಎಲ್ಲೂ ಬರೆದಿಲ್ಲ. 164ನೇ ವಿಧಿ ಹೇಳುವುದು ಮಂತ್ರಿಮಂಡಲ ವಿಧಾನಸಭೆಗೆ ಹೊಣೆ ಎಂದು ಮಾತ್ರ. ಆ ಮೌನವನ್ನು 1994ರ ಮಾರ್ಚ್ 11ರಂದು 9 ನ್ಯಾಯಮೂರ್ತಿಗಳ ಪೀಠ ತುಂಬಿತು: ಬಹುಮತ ತೀರ್ಮಾನವಾಗಬೇಕಾದ ಜಾಗ ಸದನ, ರಾಜಭವನವಲ್ಲ. ಆದರೆ ಬೊಮ್ಮಾಯಿ ಅವರ ಸರ್ಕಾರ ಮರಳಿ ಬರಲಿಲ್ಲ. ಸಂಪ್ರದಾಯ ಮುರಿದಾಗ ನ್ಯಾಯ ಸಿಕ್ಕರೂ ಕೆಲವೊಮ್ಮೆ ಐದು ವರ್ಷ ತಡವಾಗಿ ಸಿಗುತ್ತದೆ.

2018ರಲ್ಲಿ ಆ ತೀರ್ಪಿನ ಫಲ ಕಂಡೆವು. 104 ಸ್ಥಾನ ಗೆದ್ದಿದ್ದ ಪಕ್ಷದ ಯಡಿಯೂರಪ್ಪ ಅವರಿಗೆ ಬಹುಮತ ಸಾಬೀತಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಮೇ 19ಕ್ಕೇ ಪರೀಕ್ಷೆ ನಡೆಯಲಿ ಎಂದಿತು. ಅಂದು ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಆದರೆ ಅತಂತ್ರ ಸದನದಲ್ಲಿ ಮೊದಲು ಯಾರನ್ನು ಕರೆಯಬೇಕು, ದೊಡ್ಡ ಪಕ್ಷವನ್ನೋ ಮೈತ್ರಿಕೂಟವನ್ನೋ ಎಂಬುದು ಇವತ್ತಿಗೂ ಯಾವ ವಿಧಿಯಲ್ಲೂ ಇಲ್ಲ.

ಹಾಗಾದರೆ ಎಲ್ಲವನ್ನೂ ಬರೆದುಬಿಡುವುದೇ ಒಳ್ಳೆಯದಲ್ಲವೇ? ಕಲ್ಯಾಣ ಕರ್ನಾಟಕದ ಉದ್ಯೋಗಾಕಾಂಕ್ಷಿಯಾಗಿ ನನಗೂ ಹಾಗನ್ನಿಸುತ್ತದೆ. 2012ರ 98ನೇ ತಿದ್ದುಪಡಿಯಿಂದ 371 ಜೆ ಸಂವಿಧಾನದಲ್ಲಿ ಸೇರಿತು. ಅದಕ್ಕೇ ನಾವು ಪ್ರಮಾಣಪತ್ರ ಹಿಡಿದು ಮೀಸಲಾತಿ ಕೇಳಬಹುದು, ಸಿಗದಿದ್ದರೆ ನ್ಯಾಯಾಲಯದ ಮೆಟ್ಟಿಲೇರಬಹುದು. ನಮ್ಮ ಭಾಗ ಹಿಂದುಳಿದಿದೆ ಎಂಬ ಬರೀ ಬಾಯಿಮಾತಿನ ಅನುಕಂಪದಿಂದ ಆ ಬಲ ಬರುತ್ತಿರಲಿಲ್ಲ. ದುರ್ಬಲರ ಹಕ್ಕುಗಳು ಬರಹದಲ್ಲೇ ಇರಬೇಕು.

ಅಧಿಕಾರದಲ್ಲಿರುವವರ ನಡತೆಯನ್ನು ಮಾತ್ರ ಎಷ್ಟು ಪುಟ ಬರೆದರೂ ಪೂರ್ತಿ ಹಿಡಿದಿಡಲಾಗದು. ಅಲ್ಲಿ ಉಳಿಯುವುದು ಮರ್ಯಾದೆ ಮತ್ತು ಜನರ ಕಣ್ಣು. ಪರೀಕ್ಷೆಗಾಗಿ ವಿಧಿಗಳ ಸಂಖ್ಯೆ ನೆನಪಿಡೋಣ. ಮುಂದಿನ ಬಾರಿ ರಾಜಭವನದ ಸುದ್ದಿ ಬಂದಾಗ, ಅಲ್ಲಿ ನಡೆದದ್ದು ಯಾವ ವಿಧಿಯ ಪ್ರಕಾರ ಎಂದು ಕೇಳುವುದರ ಜೊತೆಗೆ ಯಾವ ಸಂಪ್ರದಾಯ ಮುರಿಯಿತು ಎಂದೂ ಕೇಳೋಣ.