ವಿಮಾನ ತಪ್ಪಿದರೆ ಊಟವೂ ತಪ್ಪಬೇಕೇ?

ಮಂಗಳೂರು: ರಾತ್ರಿ ಬಸ್ಸಿನ ಪ್ರಯಾಣಿಕನಿಗೆ ಒಂದು ಸುಖ ಉಂಟು. ಹೋಟೆಲಿನ ಎದುರು ಬಸ್ಸು ನಿಂತ ಕೂಡಲೇ "ಊಟಕ್ಕೆ ಇಪ್ಪತ್ತು ನಿಮಿಷ" ಎಂಬ ಕೂಗು ಕೇಳುತ್ತದೆ. ಶಿರಾಡಿಯಲ್ಲಿ ಗುಡ್ಡ ಕುಸಿದು ಬಸ್ಸುಗಳು ಸಾಲುಗಟ್ಟಿ ನಿಂತರೂ ಎಲ್ಲಿಂದಲೋ ಚಹಾದ ಕೆಟಲು ಹಿಡಿದ ಹುಡುಗ ಪ್ರತ್ಯಕ್ಷನಾಗುತ್ತಾನೆ. ಆದರೆ ಸಾವಿರಾರು ರೂಪಾಯಿ ತೆತ್ತು ವಿಮಾನದ ಟಿಕೇಟು ಕೊಂಡವನ ಪಾಡೇನು? ವಿಮಾನ ರದ್ದು. "ಬೇರೆ ವಿಮಾನದಲ್ಲಿ ಸೀಟು ಕೊಟ್ಟಿದ್ದೇವೆ, ಕಾಯಿರಿ" ಎಂದರು. ತಪಾಸಣೆ ಮುಗಿದು ಒಳಗೆ ಕೂತಾಯಿತು, ಹೊರಗೆ ಹೋಗಿ ಉಂಡು ಬರುವ ಹಾಗಿಲ್ಲ. ಒಳಗಿನ ಅಂಗಡಿಯ ದರಪಟ್ಟಿ ನೋಡಿದರೆ ಹಸಿವೇ ಓಡಿಹೋಗುತ್ತದೆ!

ಇದೆಲ್ಲ ಉಳ್ಳವರ ತಾಪತ್ರಯ ಎಂದು ತಳ್ಳಿಹಾಕುವ ಕಾಲ ಹೋಯಿತು. ಬಜಪೆಯಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 1951ರಲ್ಲಿ. 2006ರಲ್ಲಿ ಇಲ್ಲಿಂದ ನೇರ ದುಬೈಗೆ ವಿಮಾನ ಹಾರಿತು. ಇಂದು ಈ ಜಿಲ್ಲೆಯಲ್ಲಿ ಕೊಲ್ಲಿ ದೇಶದಲ್ಲಿ ದುಡಿಯುವ ಒಬ್ಬನಾದರೂ ಇಲ್ಲದ ಬೀದಿ ಹುಡುಕಬೇಕು. ಮಗನನ್ನು ನೋಡಲು ಹೊರಟ ತಾಯಿ, ಸರಕು ತರಲು ಮುಂಬಯಿಗೆ ಹೋಗುವ ಜವಳಿ ಅಂಗಡಿಯವರು, ಚಿಕಿತ್ಸೆಗೆ ಬೆಂಗಳೂರಿಗೆ ಹೋಗುವ ರೋಗಿ, ಎಲ್ಲರೂ ವಿಮಾನ ಹತ್ತುವವರೇ. ಮಳೆಗಾಲದಲ್ಲಿ ಇಲ್ಲಿ ಇಳಿಯಲಾಗದ ವಿಮಾನವನ್ನು ಬೆಂಗಳೂರಿಗೋ ಕಣ್ಣೂರಿಗೋ ತಿರುಗಿಸಿದ ಸುದ್ದಿಯೂ ಹೊಸದಲ್ಲ. ಚಳಿಗಾಲ ಬಂದರೆ ದೇವನಹಳ್ಳಿಯ ಮಂಜು, ದಿಲ್ಲಿಯ ಮಂಜು. ಅಲ್ಲಿ ತಡವಾದರೆ ಇಲ್ಲಿಯೂ ತಡ.

ಕಾನೂನಿನಲ್ಲಿ ಏನುಂಟು?

ಊಟ ಕೊಡುವುದು ಕಂಪನಿಯವರ ಧರ್ಮಕಾರ್ಯವಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2010ರ ಆಗಸ್ಟ್‌ನಲ್ಲಿಯೇ ಈ ಬಗ್ಗೆ ನಿಯಮ ಮಾಡಿದೆ. ಬಳಿಕ ತಿದ್ದುಪಡಿಗಳೂ ಆಗಿವೆ.

ಮೂಲ ವಿಮಾನಕ್ಕೆಂದು ನಿಲ್ದಾಣಕ್ಕೆ ಬಂದು ಹಾಜರಾದ ಪ್ರಯಾಣಿಕನ ವಿಮಾನ ರದ್ದಾಗಿ, ಅವನನ್ನು ಬದಲಿ ವಿಮಾನಕ್ಕೆ ಹಾಕಿದರೆ, ಕಾಯುವ ಹೊತ್ತಿಗೆ ತಕ್ಕಂತೆ ಊಟ ಉಪಾಹಾರ ಪುಕ್ಕಟೆ ಕೊಡಬೇಕು. ಇದು ಮೊದಲನೆಯದು.

ಎರಡನೆಯದು ತಡದ ಮಾತು. ಎರಡೂವರೆ ತಾಸಿನ ಒಳಗಿನ ಹಾರಾಟವಾದರೆ 2 ತಾಸು ತಡವಾದಾಗ ಊಟ ಉಪಾಹಾರದ ಹಕ್ಕು ಬರುತ್ತದೆ. ಬೆಂಗಳೂರು, ಮುಂಬಯಿ ಎಲ್ಲ ಇದೇ ಲೆಕ್ಕಕ್ಕೆ ಸೇರಿದವು. ಎರಡೂವರೆಯಿಂದ 5 ತಾಸಿನ ಹಾರಾಟಕ್ಕೆ, ಅಂದರೆ ದುಬೈಯಂಥ ಊರಿಗೆ, 3 ತಾಸು. ಅದಕ್ಕೂ ದೂರವಾದರೆ 4 ತಾಸು. ಪ್ರಯಾಣಿಕ ಮಾತ್ರ ಸರಿಯಾದ ಹೊತ್ತಿಗೆ ಚೆಕ್ ಇನ್ ಮಾಡಿರಬೇಕು.

6 ತಾಸಿಗೂ ಮೀರಿ ತಡವಾದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ವಾಪಸು, ಯಾವುದು ಬೇಕೋ ಅದನ್ನು ಪ್ರಯಾಣಿಕ ಆರಿಸಬಹುದು. ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಾದ ವಿಮಾನ 6 ತಾಸಿಗಿಂತ ಹೆಚ್ಚು ತಡವಾದರೆ, ಇಲ್ಲವೇ ಯಾವ ವಿಮಾನವಾದರೂ 24 ತಾಸು ಮೀರಿದರೆ, ಹೋಟೆಲಿನ ಕೋಣೆಯನ್ನೂ ಅಲ್ಲಿಗೆ ಹೋಗಿಬರುವ ವಾಹನವನ್ನೂ ಕೊಡಬೇಕು.

ಹಾಗಂತ ಕಂಪನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲವೆಂದಲ್ಲ. ಮಂಜು, ಬಿರುಗಾಳಿ, ಭದ್ರತೆ ಮುಂತಾದ ಕೈಮೀರಿದ ಕಾರಣಗಳಿಗೆ ನಷ್ಟ ಪರಿಹಾರದ ಹಣ ಸಿಗುವುದಿಲ್ಲ. ತಡದ ನಿಯಮದಲ್ಲಿಯೂ ಇಂಥ ವಿನಾಯಿತಿಯ ಮಾತುಂಟು. ಆದ್ದರಿಂದಲೇ ಕೌಂಟರಿನಲ್ಲಿ ಯಾವುದಕ್ಕೂ "ಹವಾಮಾನ" ಎಂಬ ಒಂದೇ ಮಂತ್ರ. ನಿಜವಾದ ಕಾರಣ ಯಾವುದು? ಮಳೆಯೋ, ಯಂತ್ರ ಕೆಟ್ಟದ್ದೋ, ಪೈಲಟ್ ಇಲ್ಲದ್ದೋ? ಬರಹದಲ್ಲಿ ಕೊಡಿ ಎಂದು ಕೇಳುವವರು ನೂರಕ್ಕೆ ಎಷ್ಟು ಮಂದಿ ಮಾರಾಯ್ರೇ?

ಆಕಾಶದ ಅಡುಗೆಮನೆ

ಇನ್ನು ಬದಲಿ ವಿಮಾನದ ಒಳಗಿನ ಕಥೆ. ಮೊದಲ ವಿಮಾನದ ಟಿಕೇಟಿನ ಜೊತೆ ದುಡ್ಡು ಕಟ್ಟಿ ಊಟ ಹೇಳಿದ್ದಾಗಿದೆ. ಹೊಸ ವಿಮಾನದಲ್ಲಿ ಪರಿಚಾರಿಕೆ "ನಿಮ್ಮ ಹೆಸರಿಗೆ ಊಟ ಇಲ್ಲವಲ್ಲ" ಎಂದರೆ ಸಿಟ್ಟು ಬರುವುದು ಸಹಜ. ಆದರೆ ಆಕೆಯ ಮೇಲೆ ಹರಿಹಾಯ್ದು ಫಲವಿಲ್ಲ.

ವಿಮಾನದಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ನೆಲದ ಮೇಲಿನ ದೊಡ್ಡ ಅಡುಗೆಮನೆಯಲ್ಲಿ ಬೇಯಿಸಿ, ಕೂಡಲೇ ತಣ್ಣಗೆ ಮಾಡಿ, ಶೀತಲ ಕೋಣೆಯಲ್ಲಿಟ್ಟು, ತಟ್ಟೆ ಲೆಕ್ಕ ಹಾಕಿ ಲಾರಿಯಲ್ಲಿ ತಂದು ಏರಿಸುತ್ತಾರೆ. ಮೇಲೆ ಹೋದ ಬಳಿಕ ಬಿಸಿ ಮಾಡುವುದಷ್ಟೇ. ಎಷ್ಟು ತಟ್ಟೆ ಎಂಬ ಲೆಕ್ಕ ವಿಮಾನ ಹೊರಡುವ ಎಷ್ಟೋ ಮೊದಲೇ ಆಗಿರುತ್ತದೆ. ಸಕ್ಕರೆ ಕಾಯಿಲೆಯವರ ಊಟ, ಜೈನರ ಊಟ ಇಂಥವನ್ನು ಸಾಮಾನ್ಯವಾಗಿ 24 ತಾಸು ಮೊದಲೇ ಹೇಳಿರಬೇಕು. ಮದುವೆ ಮನೆಗೆ ನೂರು ಎಲೆಯ ಲೆಕ್ಕಕ್ಕೆ ಅಕ್ಕಿ ಹಾಕಿದ ಮೇಲೆ ಇನ್ನೊಂದು ದಿಬ್ಬಣ ಬಂದು ಕೂತರೆ ಅಡುಗೆ ಭಟ್ಟರು ಎಂತ ಮಾಡಿಯಾರು? ಬಿಸಿನೀರು ಹೊಯ್ದ ಉಪ್ಪಿಟ್ಟೋ ನೂಡಲ್ಸೋ ಸಿಕ್ಕಿದರೆ ಪುಣ್ಯ.

ಹೀಗಾಗಿ ಹಳೆಯ ಟಿಕೇಟಿನ ಊಟ ಹೊಸ ಟಿಕೇಟಿಗೆ ತಾನಾಗಿಯೇ ನಡೆದುಬರುತ್ತದೆಂದು ನಂಬಿ ಕೂರುವ ಹಾಗಿಲ್ಲ. ಸೀಟು ಬದಲಿಸಿಕೊಡುವಾಗಲೇ "ನನ್ನ ಊಟ ಇದಕ್ಕೆ ಸೇರಿತೇ? ಇಲ್ಲದಿದ್ದರೆ ಅದರ ಹಣ ವಾಪಸು ಉಂಟೇ?" ಎಂದು ಕೇಳಬೇಕು. ಸಕ್ಕರೆ ಕಾಯಿಲೆಯವರಿಗಂತೂ ಇದು ರುಚಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಇನ್ಸುಲಿನ್ ತೆಗೆದುಕೊಂಡು ಊಟ ಸಿಗದೆ ಕೂತರೆ ಕಣ್ಣು ಕತ್ತಲೆ ಬರಲು ಹೆಚ್ಚು ಹೊತ್ತು ಬೇಡ. ಮದ್ದು, ಬಿಸ್ಕತ್ತು, ಒಂದಿಷ್ಟು ಅವಲಕ್ಕಿ ಕೈಚೀಲದಲ್ಲಿಯೇ ಇರಲಿ. ದೊಡ್ಡ ಪೆಟ್ಟಿಗೆಗೆ ಹಾಕಿ ಕೊಟ್ಟರೆ ಅದು ಸಿಗುವುದು ಊರು ಮುಟ್ಟಿದ ಮೇಲೆಯೇ.

ರನ್‌ವೇ ಬದಿಯಲ್ಲಿ ಪಂಕ್ತಿಭೋಜನ!

ಊಟದ ವಿಷಯ ದೇಶದ ಮರ್ಯಾದೆಯ ವಿಷಯವಾದದ್ದೂ ಉಂಟು. 2024ರ ಜನವರಿಯಲ್ಲಿ ಗೋವಾದಿಂದ ದಿಲ್ಲಿಗೆ ಹೊರಟ ಇಂಡಿಗೊ ವಿಮಾನವನ್ನು ಮಂಜಿನ ದೆಸೆಯಿಂದ ಮುಂಬಯಿಗೆ ತಿರುಗಿಸಿದರು. ತಾಸುಗಟ್ಟಲೆ ಕಾದು ಬೇಸತ್ತ ಪ್ರಯಾಣಿಕರು ವಿಮಾನದಿಂದಿಳಿದು, ವಿಮಾನಗಳು ನಿಲ್ಲುವ ಜಾಗದಲ್ಲಿಯೇ ನೆಲದ ಮೇಲೆ ಕೂತು ಉಂಡರು. ಚಿತ್ರ ಎಲ್ಲ ಕಡೆ ಹಬ್ಬಿತು. ಭದ್ರತಾ ಇಲಾಖೆಯವರು ಕಂಪನಿಗೆ 1.20 ಕೋಟಿ ರೂ. ದಂಡ ಹಾಕಿದರು. ಮುಂಬಯಿ ನಿಲ್ದಾಣಕ್ಕೆ ಬಿದ್ದ ದಂಡ ಎಲ್ಲ ಸೇರಿ 90 ಲಕ್ಷ. ಒಂದು ಊಟದ ಬೆಲೆ ಅಷ್ಟಾಯಿತು!

2025ರ ಡಿಸೆಂಬರ್ ಮೊದಲ ವಾರದ ಗಲಾಟೆ ಯಾರೂ ಮರೆತಿರಲಾರರು. ಪೈಲಟರ ದುಡಿಮೆ ಮತ್ತು ವಿಶ್ರಾಂತಿಯ ಹೊಸ ನಿಯಮಗಳ ಎರಡನೇ ಕಂತು ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕೆ ತಕ್ಕಷ್ಟು ಪೈಲಟರ ಏರ್ಪಾಡು ಮಾಡಿಕೊಳ್ಳದ ಇಂಡಿಗೊದ ವಿಮಾನಗಳು ಸಾಲುಸಾಲಾಗಿ ರದ್ದಾದವು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಮಿಕ್ಕಿ! ಬೆಂಗಳೂರಿನ ನಿಲ್ದಾಣದಲ್ಲಿಯೂ ಜನ ಪೆಟ್ಟಿಗೆಗಳ ನಡುವೆ ನೆಲದಲ್ಲಿಯೇ ಕೂತರು. ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆಗೆ ವಧೂವರರೇ ಬರಲಾಗದೆ ವಿಡಿಯೋದಲ್ಲಿ ಮುಖ ತೋರಿಸಿದರು. ಅಲ್ಲಿ ಮಳೆಯೂ ಇರಲಿಲ್ಲ, ಮಂಜೂ ಕಾರಣವಲ್ಲ.

ಎಡವುವುದೆಲ್ಲಿ?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಸರಿಯಾಗಿ ಒಪ್ಪುತ್ತದೆ. ಆದರೆ ಎಲ್ಲ ತಪ್ಪನ್ನೂ ಪೂಜಾರಿಯ ತಲೆಗೆ ಕಟ್ಟುವ ಹಾಗಿಲ್ಲ. ಪ್ರಯಾಣಿಕರೂ ಎಡವುವುದುಂಟು.

ಒಂದು: ಫೋನಿಗೆ ಬಂದ ಸಂದೇಶದಲ್ಲಿ ಗಡಿಬಿಡಿಯಿಂದ "ಹಣ ವಾಪಸು" ಒತ್ತಿಬಿಡುವುದು. ಊಟದ ಹಕ್ಕು ಇರುವುದು ಬದಲಿ ವಿಮಾನಕ್ಕೆ ಕಾಯುವವನಿಗೆ. ಹಣ ವಾಪಸು ಪಡೆದರೆ ಕಂಪನಿಯ ಋಣ ಅಲ್ಲಿಗೆ ಹರಿಯಿತು.

ಎರಡು: ಪೇಟೆಯ ಏಜೆಂಟರ ಮೂಲಕ ಟಿಕೇಟು ಮಾಡಿಸುವಾಗ ಏಜೆಂಟರ ಫೋನ್ ನಂಬರು ಕೊಡುವುದು. ರದ್ದಾದ ಸುದ್ದಿ ಏಜೆಂಟರ ಫೋನಿಗೆ ಹೋಗುತ್ತದೆ, ಪ್ರಯಾಣಿಕ ಕೆಂಜಾರಿನ ಗುಡ್ಡ ಹತ್ತಿದ ಮೇಲೆ ವಿಷಯ ತಿಳಿಯುತ್ತದೆ. ಸರಿಯಾದ ವಿಳಾಸ, ನಂಬರು ಕೊಡದವರಿಗೆ ರದ್ದತಿಯ ಪರಿಹಾರ ಇಲ್ಲವೆಂದು ನಿಯಮದಲ್ಲಿಯೇ ಬರೆದಿದೆ. ಹಾರಾಟದ ಅವಧಿ ನೋಡಿ 5,000ದಿಂದ 10,000 ರೂ.ವರೆಗೆ ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅಷ್ಟು ಸಿಗಬಹುದಾದ ಪರಿಹಾರ ಅದು. ಬಿಟ್ಟುಬಿಡುವ ಮೊತ್ತವೇ?

ಮೂರು: ದುಬೈಯಿಂದ ಮುಂಬಯಿಗೆ ಒಂದು ಟಿಕೇಟು, ಮುಂಬಯಿಯಿಂದ ಮಂಗಳೂರಿಗೆ ಇನ್ನೊಂದು ಕಂಪನಿಯ ಟಿಕೇಟು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ "ಸಮಯಕ್ಕೆ ಬಾರದವರು ನೀವು" ಎಂದು ಎರಡನೆಯವರು ಕೈತೊಳೆದುಕೊಳ್ಳುತ್ತಾರೆ. ಒಂದೇ ಟಿಕೇಟಿನಲ್ಲಿ ಎರಡೂ ಹಾರಾಟ ಇದ್ದರೆ ಈ ಪೀಕಲಾಟ ತಪ್ಪುತ್ತದೆ.

ನಾಲ್ಕು: ಊಟ ಸಿಗದೆ ಸ್ವಂತ ದುಡ್ಡಿನಲ್ಲಿ ತಿಂದವರು ಬಿಲ್ಲು ಬಿಸಾಡುವುದು. ಬೋರ್ಡಿಂಗ್ ಪಾಸು, ಕಂಪನಿಯ ಸಂದೇಶ, ತಿಂದ ಬಿಲ್ಲು ಈ ಮೂರೂ ಜೇಬಿನಲ್ಲಿರಲಿ. ಅಂಗಡಿ ನಡೆಸುವವರಿಗೆ ರಸೀತಿಯ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕೇಳುವ ಜಾಗ

ಮೊದಲು ಕಂಪನಿಯ ಕೌಂಟರು. ಸಮಾಧಾನವಾಗಿ, ಆದರೆ ಬಿಡದೆ ಕೇಳುವುದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಅಲ್ಲಿ ಆಗದಿದ್ದರೆ ಕೇಂದ್ರ ಸರಕಾರದ ಏರ್‌ಸೇವಾದಲ್ಲಿ ದೂರು ಕೊಡಬಹುದು. ಗ್ರಾಹಕರ ಸಹಾಯವಾಣಿ 1915 ಉಂಟು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆಯ ಪ್ರಕಾರ ತಾನಿರುವ ಊರಿನ ಆಯೋಗದಲ್ಲಿಯೇ ದೂರು ಹಾಕಬಹುದು, ದಿಲ್ಲಿಗೆ ಅಲೆಯುವ ಕೆಲಸವಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. 2 ವರ್ಷದೊಳಗೆ ಹಾಕಬೇಕು ಅಷ್ಟೇ.

ಆಗಬೇಕಾದ್ದು

ಕೋಲ್ಕತ್ತ ನಿಲ್ದಾಣದಲ್ಲಿ 2024ರ ಡಿಸೆಂಬರ್‌ನಲ್ಲಿ "ಉಡಾನ್ ಯಾತ್ರಿ ಕೆಫೆ" ಎಂಬ ಅಗ್ಗದ ಅಂಗಡಿ ತೆರೆದರು. ಚಹಾ 10 ರೂ., ನೀರಿನ ಬಾಟಲಿ 10 ರೂ., ಸಮೋಸ 20 ರೂ. ವಿಮಾನ ನಿಲ್ದಾಣದೊಳಗೆ ಹತ್ತು ರೂಪಾಯಿಗೆ ಚಹಾ ಮಾರಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಅಂಥದ್ದು ಎಲ್ಲ ನಿಲ್ದಾಣಗಳಲ್ಲಿಯೂ ಬೇಕು.

ಅದಕ್ಕೂ ಮೊದಲು ಮಾಡಬಹುದಾದ, ಕಾಸು ಖರ್ಚಿಲ್ಲದ ಕೆಲಸ ಒಂದುಂಟು. ಎರಡು ತಾಸು ತಡವಾದರೆ ಏನು ಸಿಗಬೇಕು, ರದ್ದಾದರೆ ಏನು ಸಿಗಬೇಕು ಎಂಬುದನ್ನು ಪ್ರತಿಯೊಂದು ಚೆಕ್ ಇನ್ ಕೌಂಟರಿನ ಎದುರು ಕನ್ನಡದಲ್ಲಿ, ಅಜ್ಜ ಅಜ್ಜಿಯರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಬೇಕು. ಇಂಗ್ಲಿಷ್ ಬಲ್ಲವನು ಫೋನಿನಲ್ಲಿ ನಿಯಮ ಹುಡುಕಿ ತೋರಿಸಿ ಊಟದ ಕೂಪನ್ ಪಡೆಯುತ್ತಾನೆ. ಅವನ ಪಕ್ಕದಲ್ಲಿಯೇ, ಅದೇ ದರ ಕೊಟ್ಟು ಟಿಕೇಟು ಕೊಂಡ ತಾಯಿ, ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಹಸಿದ ಹೊಟ್ಟೆಯಲ್ಲಿ ಸೆರಗು ಬಿಗಿಹಿಡಿದು ಕೂತಿರುತ್ತಾಳೆ. ಹಕ್ಕು ಇಬ್ಬರಿಗೂ ಒಂದೇ. ಅದು ಆಕೆಗೂ ತಿಳಿಯುವಂತೆ ಒಂದು ಬೋರ್ಡು ಹಾಕಲು ಸಂಬಂಧಪಟ್ಟವರು ಮನಸ್ಸು ಮಾಡುವರೇ?